ಜವೆಗೋಧಿಯ ಕೊನೆಯ ವಾರಗಳು: ಕಡೆಯ ನೀರಿನಿಂದ ಬೀಜದ ಚೀಲದವರೆಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳ ಎರೆಭೂಮಿಯಲ್ಲಿ ನವೆಂಬರ್ ಮೊದಲ ಹದಿನೈದು ದಿನಗಳಲ್ಲಿ ನೀರಾವರಿಗೆ ಬಿತ್ತಿದ ಜವೆಗೋಧಿಯು ಮಾಘ ಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ ಹಾಲುಗಾಳು ಕಟ್ಟಿ, ಶಿವರಾತ್ರಿ ದಾಟುತ್ತಿದ್ದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ಕೆಲವೆಡೆ ಸದಕವೆಂದೂ ಮಹಾರಾಷ್ಟ್ರದ ಗಡಿಯಲ್ಲಿ ಖಪ್ಲಿಯೆಂದೂ ಕರೆಯುವ ಈ ಗೋಧಿಯ ಕಾಳು ಒಕ್ಕಿದ ಮೇಲೂ ಬಿಗಿಯಾದ ಸಿಪ್ಪೆಯೊಳಗೇ ಉಳಿಯುತ್ತದೆ. ಒಂದೊಂದು ಸಿಪ್ಪೆಯಲ್ಲಿ ಸಾಮಾನ್ಯವಾಗಿ ಎರಡು ಕಾಳುಗಳಿರುತ್ತವೆ. ಈ ವಾರಗಳಲ್ಲಿ ಮಾಡುವ ಕೆಲಸಗಳಲ್ಲಿ ಹೆಚ್ಚಿನವು ಆ ಸಿಪ್ಪೆಯನ್ನು ಅರಿತು ಮಾಡಬೇಕಾದವು.

ಮೊದಲನೆಯದು ನೀರು. ನಾಲ್ಕಾರು ಕಡೆ ತೆನೆ ಬಿಡಿಸಿ, ಕಾಳನ್ನು ಉಗುರಿನಿಂದ ಒತ್ತಿ ನೋಡಬೇಕು. ಹಾಲು ಬಂದರೆ ಆಗಿನ ನೀರನ್ನು ತಪ್ಪಿಸಬಾರದು, ಏಕೆಂದರೆ ಫೆಬ್ರುವರಿಯ ಕೊನೆಗೆ ಬಿಸಿಲು ಒಮ್ಮೆಗೇ ಏರಿ ಕಾಳು ತುಂಬುವ ದಿನಗಳನ್ನು ಕಡಿಮೆ ಮಾಡುತ್ತದೆ. ಅಂಥ ವೇಳೆಯಲ್ಲಿ ನೆಲ ಒಣಗಿದ್ದರೆ ಕಾಳು ಜೊಳ್ಳಾಗುತ್ತದೆ. ಕಾಳು ರೊಟ್ಟಿಯ ಕಣಕದಂತೆ ಮೆತ್ತಗಿದ್ದಾಗ ಇನ್ನೊಂದು ತೆಳು ನೀರು ಸಾಕು. ಕಣಕ ಗಟ್ಟಿಯಾಗಿ ಉಗುರು ನಾಟದಂತಾದ ಮೇಲೆ, ಕಾಲುವೆಯಲ್ಲಿ ಎಷ್ಟೇ ನೀರಿದ್ದರೂ ಹೊಲಕ್ಕೆ ಬಿಡಬಾರದು. ತೆನೆ ಭಾರವಾಗಿರುವಾಗ ನೆಲ ತೊಯ್ದು ಗಾಳಿ ಬೀಸಿದರೆ ಬೆಳೆ ಮಲಗುತ್ತದೆ. ಹೀಗಾಗಿ ಕಡೆಯ ನೀರನ್ನು ಗಾಳಿ ತಗ್ಗಿದ ಸಂಜೆಯಲ್ಲಿ ಹಾಯಿಸುವುದು ಒಳ್ಳೆಯದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟಿರುವ ಡಿಡಿಕೆ 1025, ಡಿಡಿಕೆ 1029 ತಳಿಗಳು ಗಿಡ್ಡವಾಗಿರುವುದರಿಂದ ಹಳೆಯ ಎತ್ತರದ ತಳಿಗಳಷ್ಟು ಸುಲಭವಾಗಿ ಬೀಳುವುದಿಲ್ಲವಾದರೂ ಈ ಎಚ್ಚರ ಅವುಗಳಿಗೂ ಬೇಕು.

ಇದೇ ವೇಳೆಗೆ ಬೀಜಕ್ಕಾಗಿ ಹೊಲದಲ್ಲಿ ಒಂದು ಪಟ್ಟಿಯನ್ನು ಗುರುತಿಸಿಕೊಳ್ಳಬೇಕು. ಮನೆಯ ಬೀಜ ಮನೆಯಲ್ಲೇ ಉಳಿಯಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆದ್ದರಿಂದ ಈ ಕೆಲಸವನ್ನು ರಾಶಿಯ ದಿನಕ್ಕೆ ಮುಂದೂಡಬಾರದು. ಬದುವಿನ ಅಂಚನ್ನು ಬಿಟ್ಟು ಹೊಲದ ನಡುಭಾಗವನ್ನು ಆರಿಸಿಕೊಂಡು, ಮುಂಜಾನೆಯ ಓರೆಬೆಳಕಿನಲ್ಲಿ ಸಾಲುಸಾಲಾಗಿ ನಡೆದರೆ ಎತ್ತರದಲ್ಲಿ, ತೆನೆಯ ಆಕಾರದಲ್ಲಿ, ಬಣ್ಣದಲ್ಲಿ ಬೇರೆಯಾದ ಗಿಡಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಬೇರುಸಹಿತ ಕಿತ್ತು ಹೊರಗೆ ಒಯ್ಯಬೇಕು. ಕಾಳೇ ಇಲ್ಲದೆ ಬರಿಯ ಕಡ್ಡಿಯಂತೆ ನಿಂತಿರುವ ತೆನೆಗಳು ಕಂಡರೆ ಅವು ಕಾಡಿಗೆ ರೋಗದ ಗುರುತು. ತೆನೆ ಹೊರಡುವಾಗ ಅವುಗಳಲ್ಲಿದ್ದ ಕಪ್ಪು ಪುಡಿ ಗಾಳಿಗೆ ಹಾರಿ, ಪಕ್ಕದ ಗಿಡಗಳ ಹೂವನ್ನು ಹೊಕ್ಕು, ಈಗ ಬಲಿಯುತ್ತಿರುವ ಕಾಳಿನೊಳಗೆ ಅಡಗಿರುತ್ತದೆ. ಅಂಥ ಕಾಳು ಹೊರನೋಟಕ್ಕೆ ಆರೋಗ್ಯವಾಗಿಯೇ ಕಾಣುವುದರಿಂದ, ಬರಿಗಡ್ಡಿಗಳು ಹೆಚ್ಚಿರುವ ಪಟ್ಟಿಯನ್ನು ಊಟಕ್ಕೆ ಬಳಸಿ, ಬೀಜಕ್ಕೆ ಬೇರೆ ಪಟ್ಟಿಯನ್ನು ಹುಡುಕಬೇಕು. ಭಂಡಾರ ರೋಗದ, ಅಂದರೆ ತುಕ್ಕು ರೋಗದ, ಅಂಜಿಕೆ ಜವೆಗೋಧಿಯಲ್ಲಿ ಕಡಿಮೆ. ನೀಲಗಿರಿ ಮತ್ತು ಪಳನಿ ಬೆಟ್ಟಗಳ ತಂಪಿನಲ್ಲಿ ಬೇಸಿಗೆ ಕಳೆದು ಗಾಳಿಯೊಡನೆ ಉತ್ತರಕ್ಕೆ ಬರುವ ಆ ರೋಗವನ್ನು ತಡೆದುಕೊಳ್ಳುವ ಗುಣವೇ ಈ ಗೋಧಿಯನ್ನು ನಮ್ಮ ಭಾಗದಲ್ಲಿ ಉಳಿಸಿದ ಕಾರಣಗಳಲ್ಲೊಂದು.

ತೆನೆಯ ಕೆಳಗಿನ ದಂಟಿನಲ್ಲಿ ಹಸಿರು ಪೂರ್ತಿ ಅಳಿದು, ಹಲ್ಲಿಗಿಟ್ಟ ಕಾಳು ಕಟ್ಟನೆ ಮುರಿದರೆ ಕೊಯ್ಲಿನ ಹದ ಬಂದಿದೆ. ಇಬ್ಬನಿಯ ತೇವವಿರುವ ನಸುಕಿನಲ್ಲಿ ಕುಡುಗೋಲು ಹಾಕಿದರೆ ತೆನೆ ಮುರಿದು ಉದುರುವುದು ಕಡಿಮೆ. ಬಿಸಿಲೇರಿದ ಮೇಲೆ ಮೀಸೆ ಚುಚ್ಚುವುದರಿಂದ ಕೊಯ್ಯುವವರಿಗೂ ಕಷ್ಟ. ಕೊಯ್ದದ್ದನ್ನು ಸಿವುಡು ಕಟ್ಟಿ ಮೂರು ನಾಲ್ಕು ದಿನ ಬಿಸಿಲಿಗೆ ಬಿಡಬೇಕು. ಹಿಂದೆ ಕಣ ಸಾರಿಸಿ, ಮೇಟಿಯ ಸುತ್ತ ಎತ್ತು ತಿರುಗಿಸಿ, ಹಂತಿಪದ ಹಾಡುತ್ತ ರಾತ್ರಿಯೆಲ್ಲ ನಡೆಯುತ್ತಿದ್ದ ಒಕ್ಕಣೆಯನ್ನು ಈಗ ಯಂತ್ರ ಕೆಲವೇ ತಾಸುಗಳಲ್ಲಿ ಮುಗಿಸುತ್ತದೆ. ಆದರೆ ಯಂತ್ರ ನಮ್ಮಲ್ಲಿಗೆ ಬರುವ ಮುನ್ನ ಇನ್ನೊಬ್ಬರ ಹೊಲದಲ್ಲಿ ಬೇರೆ ಗೋಧಿಯನ್ನು ಒಕ್ಕಿರುತ್ತದೆ ಎಂಬುದನ್ನು ಮರೆಯಬಾರದು. ಮೊದಲು ಊಟದ ಗೋಧಿಯನ್ನು ಹಾಕಿಸಿ, ಯಂತ್ರದಲ್ಲಿ ಉಳಿದಿದ್ದ ಹಳೆಯ ಕಾಳು ಹೊರಬಿದ್ದ ಮೇಲೆ, ವೇಗ ತಗ್ಗಿಸಿ ಬೀಜದ ಸಿವುಡುಗಳನ್ನು ಕೊಡಬೇಕು.

ಒಕ್ಕಿದ ಗೋಧಿಯನ್ನು ತೆಳ್ಳಗೆ ಹರವಿ, ತೇವಾಂಶ ಶೇಕಡ 12ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ, ಒಂದು ರಾತ್ರಿ ಆರಲು ಬಿಟ್ಟು ಚೀಲ ತುಂಬಬೇಕು. ಬಿಸಿಯಿರುವಾಗಲೇ ತುಂಬಿದರೆ ಚೀಲದೊಳಗೆ ಬೆವರು ಕಟ್ಟಿ ಬೂಸರು ಬರುತ್ತದೆ. ಸಿಪ್ಪೆಸಹಿತ ಇಟ್ಟರೆ ಜಾಗ ಹೆಚ್ಚು ಬೇಕಾದರೂ ಹುಳು ಕಾಳನ್ನು ಸುಲಭವಾಗಿ ತಲುಪದು. ಆದ್ದರಿಂದ ಪೂರ್ತಿ ಫಸಲನ್ನು ಒಮ್ಮೆಗೇ ಗಿರಣಿಗೆ ಒಯ್ಯದೆ, ಹುಗ್ಗಿಗೆ, ಮಾದಲಿಗೆ, ರವೆಗೆ ಬೇಕಾದಷ್ಟನ್ನೇ ಆಗಾಗ ಸಿಪ್ಪೆ ಬಿಡಿಸಿಕೊಳ್ಳಬೇಕು. ಮನೆಯಲ್ಲೇ ಕುಟ್ಟುವುದಾದರೆ, ಹಿರಿಯ ಹೆಣ್ಣುಮಕ್ಕಳು ಮಾಡುವಂತೆ, ನೀರು ಚಿಮುಕಿಸಿ ಸ್ವಲ್ಪ ಹೊತ್ತು ಮುಚ್ಚಿಟ್ಟು ಒನಕೆ ಹಾಕಿದರೆ ಕಾಳು ಒಡೆಯದೆ ಸಿಪ್ಪೆ ಬಿಡುತ್ತದೆ. ಬಳಿಕ ಒಣಗಿಸಿ ಮೊರದಲ್ಲಿ ಕೇರಬೇಕು.

ಬೀಜದ ಗೋಧಿಗೆ ಮಾತ್ರ ಒನಕೆಯನ್ನಾಗಲಿ ಗಿರಣಿಯನ್ನಾಗಲಿ ಸೋಕಿಸಬಾರದು. ಸಿಪ್ಪೆ ಬಿಡಿಸುವಾಗ ಮೊಳಕೆಯ ಮೂತಿಗೆ ಪೆಟ್ಟು ಬೀಳುವುದರಿಂದ ಜವೆಗೋಧಿಯನ್ನು ಸಿಪ್ಪೆಸಹಿತವೇ ಬಿತ್ತುತ್ತಾರೆ. ಎಕರೆಗೆ ಸುಮಾರು 40ರಿಂದ 50 ಕಿಲೋ ಎಂದು ಲೆಕ್ಕ ಹಾಕಿ, ಅದಕ್ಕಿಂತ ತುಸು ಹೆಚ್ಚೇ ತೆಗೆದಿರಿಸಿ, ಚೀಲದ ಮೇಲೆ ತಳಿಯ ಹೆಸರನ್ನೂ ವರ್ಷವನ್ನೂ ಬರೆದು, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಬೇಕು. ಮೇ ತಿಂಗಳ ಬಿಸಿಲಿನಲ್ಲಿ ಒಮ್ಮೆ ಹರವಿ ಒಣಗಿಸಿ ಮತ್ತೆ ಕಟ್ಟಿಟ್ಟರೆ, ನವೆಂಬರಿನ ಬಿತ್ತನೆಯವರೆಗೆ ಆ ಚೀಲವನ್ನು ಬಿಚ್ಚುವ ಅಗತ್ಯ ಬೀಳುವುದಿಲ್ಲ.