ರೇಂಜಿನ ಮೇಜಿನ ಮೇಲೆ ನಾವು ತೋಟಾ ನೋಡುವ ಬಗೆ

ಮೂಡಿಗೆರೆ, ಸಕಲೇಶಪುರದ ಎಸ್ಟೇಟುಗಳಿಂದ ನಮ್ಮ ಗುರಿ ಅಭ್ಯಾಸದ ರೇಂಜಿಗೆ ಬರುವ ಕೋವಿಗಳಲ್ಲಿ ಹೆಚ್ಚಿನವು 12 ಬೋರಿನ ಜೋಡಿ ನಳಿಕೆಯವು. ಕೋವಿ ಒಂದೇ ಜಾತಿಯಾದರೂ ಜೊತೆಗೆ ಬರುವ ತೋಟಾ ಹಲವು ಬಗೆ: ಸಣ್ಣ ಚರೆ, ಎಸ್‌ಜಿ, ಎಲ್‌ಜಿ ಎಂಬ ದಪ್ಪ ಚರೆ, ಒಂಟಿ ಗುಂಡು, ಅಜ್ಜನ ಪೆಟ್ಟಿಗೆಯ ಕಾಗದದ ತೋಟಾ. ಲೈಸೆನ್ಸ್ ಇದೆಯಲ್ಲ, ಮತ್ತೇನು ತಕರಾರು ಎಂದು ಕೇಳುವವರಿದ್ದಾರೆ. ನಾವು ನೋಡುವುದು ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು.

ಚರೆಗೆ ನಾವು ಹಿಡಿಯುವ ಅಂದಾಜು ಲೆಕ್ಕ ಇದು: ಅಡ್ಡಳತೆಯ ಒಂದು ಮಿಲಿಮೀಟರಿಗೆ ಸುಮಾರು 80 ಮೀಟರ್ ದೂರ. ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವ ಟ್ರ್ಯಾಪ್ ಸ್ಪರ್ಧೆಯ ತೋಟಾದಲ್ಲಿ 24 ಗ್ರಾಂ ಚರೆ, ಅಡ್ಡಳತೆ 2.6 ಮಿ.ಮೀ. ಮೀರುವಂತಿಲ್ಲ, ಅಂದರೆ 210 ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ. ಎಲ್‌ಜಿ 9 ಮಿ.ಮೀ. ದಪ್ಪ, 700 ಮೀಟರ್ ದಾಟುತ್ತದೆ. ಎದುರಿನ ಗುಡ್ಡದ ಮಗ್ಗುಲಲ್ಲಿ ಕಾಫಿ ಕೊಯ್ಯುವವರಿರುವ ಸೀಮೆಯಲ್ಲಿ ಅಷ್ಟು ಜಾಗ ಯಾರಿಗೂ ಖಾಲಿ ಸಿಗುವುದಿಲ್ಲ. ಹಾಗಾಗಿ ಹಾರುವ ಗುರಿಗೆ ಸಣ್ಣ ಚರೆ ಮಾತ್ರ. .22 ರೈಫಲ್ಲಿನ ಸೀಸದ ಗುಂಡು ಚಿಕ್ಕದು ಎಂದು ಹಗುರ ಮಾಡುವವರೇ ಹೆಚ್ಚು, ಆದರೆ ಅದು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಅದನ್ನು ಮಣ್ಣಿನ ಏರಿಯ ಮುಂದೆ ಬಿಟ್ಟು ಬೇರೆಲ್ಲೂ ಹೊಡೆಯಲು ಬಿಡುವುದಿಲ್ಲ. ಏರಿಯ ಮುಖದಲ್ಲಿ ಅರ್ಧ ಮೀಟರ್ ಆಳದವರೆಗೆ ಜರಡಿ ಹಿಡಿದ ಮಣ್ಣಿರಬೇಕು. ನಮ್ಮ ಮಳೆಗೆ ಮಣ್ಣು ಕೊಚ್ಚಿಹೋಗಿ ಜಂಬಿಟ್ಟಿಗೆ ಕಲ್ಲು ಮೇಲೆ ಬರುತ್ತದೆ, ಕಲ್ಲಿಗೆ ಬಡಿದ ಗುಂಡು ದಿಕ್ಕು ತಪ್ಪುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಮುಖ ಕೆರೆದು ಹೊಸ ಮಣ್ಣು ತುಂಬುತ್ತೇವೆ.

ಉಕ್ಕಿನ ತಿರುಳಿನ ಗುಂಡಿಗೆ ಜಾಗವೇ ಇಲ್ಲ. ಸೀಸ ಬಡಿದಲ್ಲಿ ಚಪ್ಪಟೆಯಾಗಿ ತನ್ನ ವೇಗವನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಉಕ್ಕು ಹಾಗಲ್ಲ: ಗುರಿಯ ತಟ್ಟೆಯಲ್ಲಿ ಗುಳಿ ತೋಡುತ್ತದೆ, ಇಲ್ಲವೇ ಚಿಮ್ಮುತ್ತದೆ, ಕಿಡಿಯನ್ನೂ ಹಾರಿಸುತ್ತದೆ. ಒಮ್ಮೆ ಗುಳಿ ಬಿದ್ದ ತಟ್ಟೆ ಆಮೇಲೆ ಸೀಸದ ಚೂರನ್ನೂ ಹೊಡೆದವನ ಕಡೆಗೇ ಎಸೆಯುತ್ತದೆ. ಉಕ್ಕು ಇದೆಯೇ ಎಂದು ನೋಡಲು ಆಯಸ್ಕಾಂತವನ್ನು ಗುಂಡಿನ ಮೂತಿಗೆ ಹಿಡಿಯಬೇಕು, ಮದ್ದು ತುಂಬಿದ ಕೇಸಿಗಲ್ಲ. ಕೆಲವು ಗುಂಡಿನಲ್ಲಿ ತಾಮ್ರದ ಲೇಪದಡಿಯ ಹೊದಿಕೆ ಮಾತ್ರ ಉಕ್ಕು, ಒಳಗೆ ಸೀಸವೇ ಇರುತ್ತದೆ. ಅದಕ್ಕೂ ಆಯಸ್ಕಾಂತ ಅಂಟುತ್ತದೆ. ಕೊಯ್ದು ನೋಡುತ್ತ ಕೂರಲಾಗುವುದಿಲ್ಲ, ಅಂಟಿದರೆ ಪಕ್ಕಕ್ಕಿಡುತ್ತೇವೆ. 10 ಮೀಟರ್ ಏರ್‌ಗನ್ನಿಗೂ ಇದೇ ನಿಯಮ. 4.5 ಮಿ.ಮೀ. ಸೀಸದ ಪೆಲೆಟ್ ಸರಿ, ಅದೇ ಅಳತೆಯ ಉಕ್ಕಿನ ಗೋಲಿ ಬೇಡ. ತಗಡಿಗೆ ಬಡಿದು ನೇರ ಕಣ್ಣಿನ ಎತ್ತರಕ್ಕೆ ವಾಪಸ್ ಬರುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಹಳೆ ಕೋವಿಯವರ ತೋಟಾ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟಕ್ಕೆ ತೋಟಾ ಕೂರುವ ಮನೆ 65 ಮಿ.ಮೀ. 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಮೋಸ ಅಲ್ಲೇ ಇರುವುದು. ಆ 70 ಮಿ.ಮೀ. ಅಳತೆ ತೋಟಾದ ಮಡಚಿದ ಬಾಯಿ ಬಿಚ್ಚಿದ ಮೇಲಿನದು. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ನಳಿಕೆಯ ಅಡಿಯ ಮುದ್ರೆ ಓದಿ, ಅನುಮಾನವಿದ್ದರೆ ಗೇಜ್ ಹಾಕಿ ನೋಡುತ್ತೇವೆ. 20 ಬೋರಿನ ತೋಟಾ 12ರ ಮೇಜಿಗೆ ಬರಲೇಬಾರದು. ಅದು ಜಾರಿ ನಳಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ 12ರದ್ದು ಹಾಕಿ ಹೊಡೆದರೆ ನಳಿಕೆ ಸೀಳುತ್ತದೆ. 20ರ ತೋಟಾವನ್ನು ಹಳದಿ ಬಣ್ಣದಲ್ಲಿ ಮಾಡುವುದು ಅದಕ್ಕೇ.

ಮಲೆನಾಡಿನ ತೇವಕ್ಕೆ ಕಾಗದದ ತೋಟಾ ಉಬ್ಬುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ಉಬ್ಬಿದ್ದು, ಬಾಯಿ ಸಡಿಲಾದದ್ದು, ಮದ್ದಿಗೆ ಕಿಡಿ ಕೊಡುವ ಕೇಪಿನ ಸುತ್ತ ಕಿಲುಬಿದ್ದದ್ದು ಹೊರಗೆ. ಮನೆಯಲ್ಲಿ ತುಂಬಿದ್ದೂ ಹೊರಗೆ, ಮದ್ದಿನ ಅಳತೆ ಯಾರಿಗೂ ಗೊತ್ತಿರುವುದಿಲ್ಲ. ಈಡು ಹಾರದಿದ್ದರೆ ನಳಿಕೆಯ ಬಾಯಿ ಗುರಿಯತ್ತಲೇ ಇಟ್ಟು 30 ಸೆಕೆಂಡ್ ಕಾದು ಆಮೇಲೆ ಕೋವಿ ಮಡಚಿ ತೆರೆಯಬೇಕು. ಸದ್ದು ‘ಪುಸ್’ ಎಂದರೆ ಇನ್ನೊಂದು ತೋಟಾ ಹಾಕುವ ಮೊದಲು ಒಳಗೆ ಏನೂ ಸಿಕ್ಕಿಕೊಂಡಿಲ್ಲವೆಂದು ನಳಿಕೆಯಲ್ಲಿ ಬೆಳಕು ಕಾಣಲೇಬೇಕು.

ಉರಿಯುತ್ತ ಬೆಳಕಿನ ಗೆರೆ ಬಿಡುವ ಟ್ರೇಸರ್ ಗುಂಡು ನಮ್ಮಲ್ಲಿಗೆ ಬರುವುದೇ ಇಲ್ಲ, ಆದರೂ ಬೇಡವೆಂದು ಫಲಕದಲ್ಲಿ ಬರೆದಿದೆ. ಫೆಬ್ರವರಿ, ಮಾರ್ಚಿನ ಒಣ ಹುಲ್ಲಿಗೆ ಒಂದೇ ಸಾಕು. ಏರಿಯಲ್ಲಿ ಕೂಡಿದ ಸೀಸ ಹುಳಿ ಮಣ್ಣಿನಲ್ಲಿ ಕರಗಿ ಹಳ್ಳ ಸೇರುತ್ತದೆಂದು ಕಾಫಿ ಗಿಡಕ್ಕೆ ಹಾಕುವ ಸುಣ್ಣವನ್ನೇ ಏರಿಗೂ ಹಾಕಿ ಪಿಎಚ್ 6.5ರ ಮೇಲೆ ಇಡುತ್ತೇವೆ. ತಡೆದ ತೋಟಾಗಳಿಗೆ ಹೆಸರು ಬರೆದ ಚೀಟಿ ಕಟ್ಟಿ, ಹೋಗುವಾಗ ಎಣಿಸಿ ಕೊಡುತ್ತೇವೆ. ಕೆಟ್ಟವನ್ನು ಒಲೆಗೋ ಕಸದ ಗುಂಡಿಗೋ ಎಸೆಯಬೇಡಿ, ಲೈಸೆನ್ಸ್ ಇರುವ ಕೋವಿ ಅಂಗಡಿಯವರನ್ನು ಕೇಳಿ ಎಂದು ಚೀಟಿಯ ಹಿಂದೆ ಬರೆದಿರುತ್ತದೆ.