ಮಳೆಗಾಲಕ್ಕೆ ಒಗ್ಗುವ ಹಕ್ಕಿ ತಟ್ಟೆ

ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ, ಅಂಗಳದಲ್ಲಿ ಹಕ್ಕಿಗಳಿಗಾಗಿ ತೂಗುಹಾಕಿದ ತೆರೆದ ತಟ್ಟೆಯ ಕಾಳು ಬೇಗನೆ ನೆನೆದು ಬೂಷ್ಟು ಹಿಡಿಯುತ್ತದೆ. ಅಂಥ ಕಾಳನ್ನು ತಿಂದ ಹಕ್ಕಿಗಳು ರೋಗಕ್ಕೆ ತುತ್ತಾಗಬಹುದು. ಆದ್ದರಿಂದ ತಟ್ಟೆಯ ತಳದಲ್ಲಿ ಕಾಳು ಉದುರದಷ್ಟು ಸಣ್ಣ ತೂತುಗಳನ್ನು ಕೊರೆದು, ಮೇಲೆ ಸುತ್ತಲೂ ಒಂದು ಗೇಣು ಹೊರಚಾಚುವ ಮಾಡನ್ನು ಕಟ್ಟಬೇಕು. ತೋಟದ ಅಡಿಕೆ ಹಾಳೆ ಕೈಗೆ ಸಿಗುವುದು ನಿಜವಾದರೂ ಬಿಡದೆ ಸುರಿವ ಮಳೆಯಲ್ಲಿ ಅದು ಮೆತ್ತಗಾಗಿ ಕೊಳೆಯುವುದರಿಂದ, ಅಂಚುಗಳನ್ನು ಮಡಚಿದ ತಗಡೇ ಮೇಲೆಂದು ನನ್ನ ಅಭಿಪ್ರಾಯ. ಮಳೆಗಾಳಿ ಬೀಸುವ ಪಡುವಣ ಬದಿಗೆ ಹಲಗೆಯ ಮರೆ ಇರಲಿ.

ಇರುವೆಗಳನ್ನು ತಡೆಯಲು, ತೂಗುತಂತಿಯನ್ನು ತೆಂಗಿನ ಗೆರಟೆಯ ನಡುವೆ ಹಾಯಿಸಿ, ತೂತನ್ನು ಮೇಣದಿಂದ ಮುಚ್ಚಿ, ನೀರು ತುಂಬಬೇಕು. ಸೊಳ್ಳೆ ಮೊಟ್ಟೆಯಿಡದಂತೆ ಆ ನೀರನ್ನು ಆಗಾಗ ಬದಲಿಸಬೇಕು. ತಂತಿಗೆ ಗ್ರೀಸ್ ಹಚ್ಚಲೇಬಾರದು, ಏಕೆಂದರೆ ಅದು ಪುಕ್ಕಗಳಿಗೆ ಅಂಟಿದರೆ ಹಕ್ಕಿಗೆ ಹಾರುವುದೇ ಕಷ್ಟವಾಗುತ್ತದೆ. ಕಾಳನ್ನು ಒಂದು ದಿನಕ್ಕೆ ಸಾಕಾಗುವಷ್ಟೇ ಹಾಕಿ, ಉಳಿದುದನ್ನು ಸಂಜೆ ತೆಗೆಯಿರಿ.