ಅಯುತ್ತಾಯಕ್ಕೆ ಒಂದು ದಿನ: ಗೈಡ್ ಜೊತೆ ಹೋಗುವುದಾದರೆ ಹೀಗೆ ಹೋಗಿ

ಬ್ಯಾಂಕಾಕ್‌ಗೆ ಹೋದ ತುಂಬಾ ಜನ ಒಂದು ದಿನ ಬಿಡುವು ಮಾಡಿಕೊಂಡು ಥಾಯ್ಲೆಂಡಿನ ಹಳೇ ರಾಜಧಾನಿ ಅಯುತ್ತಾಯಕ್ಕೂ ಹೋಗಿಬರುತ್ತಾರೆ. ಏನು ನೋಡಿದಿರಿ ಅಂತ ಕೇಳಿದರೆ, ಮರದ ಬೇರಿನೊಳಗೆ ಸಿಕ್ಕಿಕೊಂಡ ಬುದ್ಧನ ತಲೆ, ಒಂದಷ್ಟು ಕೆಂಪು ಇಟ್ಟಿಗೆ, ತಲೆ ಸುಡುವ ಬಿಸಿಲು, ಅಷ್ಟೇ. ಮೊದಲ ಸಲ ನನಗೂ ಹಾಗೇ ಆಯಿತು. ದೊಡ್ಡ ಬಸ್ಸಿನಲ್ಲಿ ಹೋಗಿ ಒಂದೇ ದಿನ ಏಳು ಜಾಗ ಸುತ್ತಿದೆವು. ರಾತ್ರಿ ಫೋಟೋ ನೋಡಿದರೆ ಯಾವುದು ಯಾವ ದೇವಸ್ಥಾನ ಅಂತಲೇ ತಿಳಿಯಲಿಲ್ಲ. ಎರಡನೇ ಸಲ ಒಂದು ಅರಮನೆ, ನಾಲ್ಕು ದೇವಸ್ಥಾನ, ಜೊತೆಗೆ ಕಥೆ ಹೇಳಲು ಬರುವ ಗೈಡ್. ಆ ದಿನ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೇ ಹೇಳುವುದು, ಜಾಗ ಕಡಿಮೆ ಮಾಡಿ, ಕಥೆ ಜಾಸ್ತಿ ಕೇಳಿ.

ಹೋಗುವ ಮೊದಲು ಇಷ್ಟು ತಿಳಿದಿರಲಿ. ಊರು ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ಚಾವೊ ಪ್ರಾಯ, ಪಾಸಕ್, ಲೋಪ್‌ಬುರಿ ಎಂಬ ಮೂರು ನದಿಗಳು ಸುತ್ತುವರಿದು ಹಳೇ ಊರು ಒಂದು ದ್ವೀಪದ ಹಾಗಿದೆ. 1350ರ ಹೊತ್ತಿಗೆ ಉಥೋಂಗ್ ಎಂಬ ರಾಜ ಕಟ್ಟಿಸಿದ್ದು. ಹೆಸರು ನಮ್ಮ ಅಯೋಧ್ಯೆಯಿಂದಲೇ ಬಂದದ್ದು, ಪಟ್ಟಕ್ಕೆ ಬಂದ ಮೇಲೆ ಅವನು ಇಟ್ಟುಕೊಂಡ ಹೆಸರೂ ರಾಮಾಧಿಪತಿ! ನಾಲ್ಕು ನೂರಕ್ಕೂ ಹೆಚ್ಚು ವರ್ಷ ಸಯಾಮಿನ (ಥಾಯ್ಲೆಂಡಿನ ಹಳೇ ಹೆಸರು) ರಾಜಧಾನಿಯಾಗಿ, ಪೋರ್ಚುಗೀಸರು, ಡಚ್ಚರು, ಜಪಾನಿಯರು ಬಂದು ಕೇರಿ ಕಟ್ಟಿಕೊಂಡು ವ್ಯಾಪಾರ ಮಾಡಿದ ಈ ಊರನ್ನು 1767ರಲ್ಲಿ ಬರ್ಮಾದ ಸೈನ್ಯ ಸುಟ್ಟುಹಾಕಿತು. ಹಂಪಿ ನೋಡಿದವರಿಗೆ ಇಲ್ಲಿ ನಿಂತಾಗ ಆಗುವ ಸಂಕಟ ಹೊಸದೇನಲ್ಲ. 1991ರಿಂದ ಇದು ಯುನೆಸ್ಕೋ ಪಟ್ಟಿಯಲ್ಲಿದೆ.

ಮೂರು ಪದ ಕಲಿತಿರಿ, ದಿನವಿಡೀ ಕೇಳುತ್ತೀರಿ. ವಾಟ್ ಅಂದರೆ ಬೌದ್ಧ ದೇವಸ್ಥಾನ. ಚೇಡಿ ಅಂದರೆ ಗಂಟೆಯ ಆಕಾರದ ಸ್ತೂಪ, ಚೈತ್ಯ ಎಂಬ ಪದವೇ ಅದು. ಪ್ರಾಂಗ್ ಅಂದರೆ ಜೋಳದ ತೆನೆಯಂತೆ ಮೇಲೆದ್ದ, ಕಾಂಬೋಡಿಯಾದ ಖಮೇರ್ ಶೈಲಿಯ ಗೋಪುರ.

ಟೂರ್ ಬುಕ್ ಮಾಡುವಾಗ ಬೆಲೆ ಆಮೇಲೆ ನೋಡಿ. ಮೊದಲು, ವ್ಯಾನ್‌ನಲ್ಲಿ ಎಷ್ಟು ಜನ, ಪ್ರವೇಶ ಟಿಕೆಟ್ ಸೇರಿದೆಯಾ, ಯಾವ ದೇವಸ್ಥಾನ ಯಾವ ಹೊತ್ತಿಗೆ ಅಂತ ಕೇಳಿ. ದಾರಿಯಲ್ಲಿ ಅಂಗಡಿಗಳ ಮುಂದೆ ನಿಲ್ಲಿಸುತ್ತಾರಾ, ಆನೆ ಸವಾರಿ ಇದೆಯಾ ಅಂತಲೂ ಕೇಳಿ. ಆನೆ ಸವಾರಿ ಇದ್ದರೆ ಬೇಡ ಅನ್ನಿ. ಆ ಬಿಸಿಲಲ್ಲಿ, ಟಾರು ರಸ್ತೆಯ ಮೇಲೆ, ಬೆನ್ನ ಮೇಲೆ ಜನರನ್ನು ಹೊತ್ತು ನಡೆಯುವ ಆನೆಯನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪ್ರತಿ ದೇವಸ್ಥಾನಕ್ಕೂ ಬೇರೆ ಬೇರೆ ಟಿಕೆಟ್, ಹಾಗಾಗಿ ಕೈಯಲ್ಲಿ ಚಿಲ್ಲರೆ ಬಾತ್ (ಅಲ್ಲಿಯ ಹಣ) ಇಟ್ಟುಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋದರೆ ಒಳ್ಳೆಯದು. ಏಪ್ರಿಲ್‌ನಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಲೇಬೇಡಿ.

ಬಟ್ಟೆ ವಿಷಯದಲ್ಲಿ ಹಟ ಬೇಡ. ಹೆಗಲು, ಮಂಡಿ ಮುಚ್ಚಿರಬೇಕು, ಗಂಡಸರಿಗೂ ಅಷ್ಟೇ.

ಬೆಳಿಗ್ಗೆ ಏಳಕ್ಕೆ ಬ್ಯಾಂಕಾಕ್ ಬಿಡಿ. ಮೊದಲು ಬಾಂಗ್ ಪಾ-ಇನ್ ಬೇಸಿಗೆ ಅರಮನೆ. ದಾರಿಯಲ್ಲೇ ಸಿಗುತ್ತದೆ, ಸಂಜೆ ನಾಲ್ಕಕ್ಕೆಲ್ಲ ಮುಚ್ಚುತ್ತದೆ, ಹಾಗಾಗಿ ಕೊನೆಗೆ ಇಟ್ಟುಕೊಂಡರೆ ಕೈತಪ್ಪುತ್ತದೆ. 17ನೇ ಶತಮಾನದಲ್ಲಿ ಪ್ರಸಾತ್ ಥೋಂಗ್ ಎಂಬ ರಾಜ ಶುರು ಮಾಡಿದ ಜಾಗ ಇದು, ಈಗ ಕಾಣುವ ಕಟ್ಟಡಗಳಲ್ಲಿ ಹೆಚ್ಚಿನವು ಚುಲಾಲಾಂಗ್‌ಕಾರ್ನ್ ರಾಜನ ಕಾಲದವು. ಕೊಳದ ನಡುವೆ ಥಾಯ್ ಮಂಟಪ, ಪಕ್ಕದಲ್ಲಿ ಯುರೋಪಿನ ಥರದ ಮನೆ, ಆಚೆ ಚೀನೀ ಶೈಲಿಯ ಕೆಂಪು ಅರಮನೆ. ಎಲ್ಲರೂ ಮಂಟಪದ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಗೈಡ್‌ಗೆ ಹೇಳಿ ಚುಲಾಲಾಂಗ್‌ಕಾರ್ನ್ ರಾಜನ ಹೆಂಡತಿ ಸುನಂದಾ ರಾಣಿಯ ಅಮೃತಶಿಲೆಯ ಸ್ಮಾರಕಕ್ಕೆ ಹೋಗಿ. 1880ರಲ್ಲಿ ಈ ಅರಮನೆಗೆ ಬರುವಾಗ ದೋಣಿ ಮಗುಚಿ ರಾಣಿ, ಆಕೆಯ ಪುಟ್ಟ ಮಗಳು ಇಬ್ಬರೂ ತೀರಿಕೊಂಡರು. ರಾಜಮನೆತನದವರನ್ನು ಮುಟ್ಟುವಂತಿಲ್ಲ ಎಂಬ ಕಟ್ಟಳೆಗೆ ಹೆದರಿ ಸುತ್ತಲಿದ್ದವರು ನೀರಿಗೆ ಇಳಿಯಲಿಲ್ಲ ಅಂತ ಹೇಳುತ್ತಾರೆ. ಆ ಕಲ್ಲಿನ ಮುಂದೆ ನಿಂತು ಇದನ್ನು ಕೇಳಿದರೆ ಮಾತೇ ಹೊರಡುವುದಿಲ್ಲ.

ಹತ್ತರ ಹೊತ್ತಿಗೆ ವಾಟ್ ಮಹಾಥಾಟ್. ಬೇರಿನೊಳಗಿನ ಬುದ್ಧ ಇರುವುದು ಇಲ್ಲೇ. ಫೋಟೋ ತೆಗೆಯುವಾಗ ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲೆ ಇರಬಾರದು, ಅದಕ್ಕೇ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಸುತ್ತಲೂ ತಲೆ ಇಲ್ಲದ ಬುದ್ಧ ವಿಗ್ರಹಗಳು ಸಾಲಾಗಿವೆ. ಅವುಗಳ ಹಿಂದೆ ನಿಂತು ತಮ್ಮ ತಲೆ ಜೋಡಿಸಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅಲ್ಲಿಯವರಿಗೆ ಅದು ಈಗಲೂ ದೇವರು. ಇಟ್ಟಿಗೆ ಗೋಡೆಗಳನ್ನೂ ಹತ್ತಬೇಡಿ.

ರಸ್ತೆ ದಾಟಿದರೆ ವಾಟ್ ರಾಚಬುರಾಣ. ತುಂಬಾ ಟೂರ್‌ಗಳು ಇದನ್ನು ಬಿಟ್ಟುಬಿಡುತ್ತವೆ, ನನಗಂತೂ ಇದೇ ಎಲ್ಲಕ್ಕಿಂತ ಇಷ್ಟ. ಅಯುತ್ತಾಯದ ಒಬ್ಬ ರಾಜ ಸತ್ತ ಮೇಲೆ ಪಟ್ಟಕ್ಕಾಗಿ ಅವನ ಮೊದಲ ಇಬ್ಬರು ಗಂಡುಮಕ್ಕಳು ಆನೆ ಮೇಲೆ ಕೂತು ಹೊಡೆದಾಡಿ ಇಬ್ಬರೂ ಸತ್ತರು. ಪಟ್ಟ ಬಂದದ್ದು ಮೂರನೆಯವನಿಗೆ. ಅವನು 1424ರಲ್ಲಿ ಅಣ್ಣಂದಿರನ್ನು ಸುಟ್ಟ ಜಾಗದಲ್ಲೇ ಈ ದೇವಸ್ಥಾನ ಕಟ್ಟಿಸಿದ. ಪ್ರಾಂಗ್‌ನ ಹೊಟ್ಟೆಯಲ್ಲಿದ್ದ ನೆಲಮನೆಯ ಬಂಗಾರ ಐದು ನೂರು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ, 1957ರಲ್ಲಿ ಕಳ್ಳರು ಕನ್ನ ಹಾಕಿದರು. ಕಡಿದಾದ ಮೆಟ್ಟಿಲಿಳಿದು ಒಳಗೆ ಹೋದರೆ ಮಾಸಿದ ಚಿತ್ರಗಳು ಇನ್ನೂ ಕಾಣುತ್ತವೆ. ಮಂಡಿ ನೋವಿದ್ದವರು ಇಳಿಯಬೇಡಿ, ಒಳಗೆ ಉಸಿರುಕಟ್ಟಿದ ಹಾಗೂ ಆಗುತ್ತದೆ.

ಕಳ್ಳರ ಕೈಯಿಂದ ಉಳಿದ ಬಂಗಾರ ಈಗ ಚಾವೊ ಸಾಮ್ ಪ್ರಾಯ ಮ್ಯೂಸಿಯಂನಲ್ಲಿದೆ. ಮಧ್ಯಾಹ್ನದ ಬಿಸಿಲು ಅಲ್ಲೇ ಕಳೆಯಿರಿ. ರತ್ನ ಕೂರಿಸಿದ ಚಿನ್ನದ ಪುಟ್ಟ ಆನೆ, ಚಿನ್ನದ ಖಡ್ಗ ಎರಡನ್ನೂ ಹತ್ತಿರದಿಂದ ನೋಡಿ. ಈಗಷ್ಟೇ ಇಳಿದು ಬಂದ ಆ ಕತ್ತಲೆ ಕೋಣೆಯಲ್ಲಿ ಇವು ಇದ್ದವು ಅಂತ ನೆನೆದರೆ ಮೈ ಜುಮ್ಮೆನ್ನುತ್ತದೆ. ಮ್ಯೂಸಿಯಂ ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ಕೇಳಿಕೊಂಡು ಪ್ರವಾಸದ ದಿನ ಆರಿಸಿಕೊಳ್ಳಿ.

ಊಟದ ಮಾತು. ಸಸ್ಯಾಹಾರಿಗಳು 'ಜೇ' ಎಂಬ ಪದ ನೆನಪಿಟ್ಟುಕೊಳ್ಳಿ. ಸುಮ್ನೆ 'ವೆಜ್' ಅಂದರೆ ಮಾಂಸ ತೆಗೆದು ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇಲ್ಲ. ಅಂಥ ಅಂಗಡಿಯ ಮುಂದೆ ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರುತ್ತದೆ. ಮಾಂಸ ತಿನ್ನುವವರು ದೋಣಿ ನೂಡಲ್ಸ್ ಕೇಳಿ, ನದಿಯ ದೊಡ್ಡ ಸಿಗಡಿಯೂ ಇಲ್ಲಿ ಹೆಸರುವಾಸಿ. ಬೊಂಬಾಯಿ ಮಿಠಾಯಿಯಂಥ ಸಕ್ಕರೆ ಎಳೆಗಳನ್ನು ತೆಳ್ಳನೆ ರೊಟ್ಟಿಯಲ್ಲಿ ಸುತ್ತಿಕೊಡುವ ರೋಟಿ ಸಾಯ್ ಮಾಯ್ ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಮೂರರ ಹೊತ್ತಿಗೆ ವಾಟ್ ಪ್ರಾ ಸಿ ಸನ್‌ಪೇಟ್. ಸಾಲಾಗಿ ನಿಂತ ಮೂರು ಚೇಡಿಗಳಲ್ಲಿ ಮೂವರು ರಾಜರ ಅಸ್ಥಿ ಇದೆ. ಅರಮನೆಯೊಳಗಿನ ದೇವಸ್ಥಾನ ಇದು, ಇಲ್ಲಿ ಭಿಕ್ಷುಗಳು ವಾಸವಿರಲಿಲ್ಲ. ಚಿನ್ನ ಹೊದಿಸಿದ 16 ಮೀಟರ್ ಎತ್ತರದ ನಿಂತ ಬುದ್ಧ ಇದ್ದ, 1767ರಲ್ಲಿ ಬರ್ಮಾದವರು ಬೆಂಕಿ ಹಾಕಿ ಚಿನ್ನ ಕರಗಿಸಿಕೊಂಡು ಹೋದರು. ಉಳಿದ ಲೋಹವನ್ನು ಬ್ಯಾಂಕಾಕ್‌ನ ವಾಟ್ ಪೋದ ಒಂದು ಚೇಡಿಯೊಳಗೆ ಇಟ್ಟಿದ್ದಾರೆ. ಪಕ್ಕದ ಹಳೇ ಅರಮನೆಯಲ್ಲಿ ಈಗ ಬರೀ ಅಡಿಪಾಯ ಇದೆ, ಏಕೆಂದರೆ ಅಯುತ್ತಾಯದ ಇಟ್ಟಿಗೆಗಳನ್ನೇ ದೋಣಿಯಲ್ಲಿ ಸಾಗಿಸಿ ಹೊಸ ರಾಜಧಾನಿ ಬ್ಯಾಂಕಾಕ್ ಕಟ್ಟಿದರು. ಗೈಡ್ ಬೇಕಾಗುವುದು ಇಂಥ ಕಡೆಯೇ ಅಲ್ವಾ? ಒಬ್ಬರೇ ಬಂದರೆ ಹುಲ್ಲಿನ ಬಯಲು ಅಂದುಕೊಂಡು ಹೋಗಿಬಿಡುತ್ತೀರಿ. ಪಕ್ಕದ ವಿಹಾರದಲ್ಲಿ ಕಂಚಿನ ದೊಡ್ಡ ಬುದ್ಧನಿಗೆ ಈಗಲೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಎರಡು ನಿಮಿಷ ಕೂತು ಬನ್ನಿ.

ಕೊನೆಗೆ ನದಿಯ ಆಚೆ ದಡದ ವಾಟ್ ಚಾಯ್‌ವತ್ಥನಾರಾಮ್. ಬೆಳಿಗ್ಗೆ ಅರಮನೆಯಲ್ಲಿ ಹೆಸರು ಕೇಳಿದ ಪ್ರಸಾತ್ ಥೋಂಗ್ ರಾಜನೇ 1630ರಲ್ಲಿ ತಾಯಿಯ ನೆನಪಿಗೆ ಕಟ್ಟಿಸಿದ್ದು. ನಡುವೆ ದೊಡ್ಡ ಪ್ರಾಂಗ್, ಸುತ್ತ ಚಿಕ್ಕವು. ಐದಕ್ಕೇ ಹೊರಡೋಣ, ಬ್ಯಾಂಕಾಕ್‌ನಲ್ಲಿ ಟ್ರಾಫಿಕ್ ಜಾಸ್ತಿ ಅಂತ ಡ್ರೈವರ್ ಅವಸರ ಮಾಡಬಹುದು. ಟ್ರಾಫಿಕ್ ಹೇಗೂ ಸಿಗುತ್ತದೆ, ಅದಕ್ಕಾಗಿ ಈ ಸಂಜೆ ಕಳೆದುಕೊಳ್ಳಬೇಡಿ. ಬುಕ್ ಮಾಡುವಾಗಲೇ ಸೂರ್ಯ ಇಳಿಯುವವರೆಗೆ ಇಲ್ಲಿ ಇರುತ್ತೇವೆ ಅಂತ ಹೇಳಿಟ್ಟಿರಿ. ನದಿಗೆ ಬೆನ್ನು ಮಾಡಿ ನಿಂತರೆ ಸೂರ್ಯ ಗೋಪುರಗಳ ಹಿಂದೆ ಇಳಿಯುತ್ತಾನೆ, ಬೆಳಿಗ್ಗೆಯಿಂದ ಕೆಂಪಗೆ ಕಂಡ ಇಟ್ಟಿಗೆ ಆಗ ಪೂರ್ತಿ ಕಪ್ಪಾಗುತ್ತದೆ.